ಶಲ್ಯದ ಕೆಳಗಿನ ಕೈ

ತಲಕಚಂದನಿಗೆ ಎಚ್ಚರವಾದಾಗ ಬಲಗೈ ಮೈಯ ಅಡಿಗೆ ಸಿಕ್ಕಿ ಜೋಮು ಹಿಡಿದಿತ್ತು. ಕೊಡವಿದ, ತಿಕ್ಕಿದ. ಬೆರಳ ತುದಿಗಳಲ್ಲಿ ಸೂಜಿ ಆಡಿಸಿದಂತೆ ನೋವು ಎದ್ದಾಗ, ಚುಚ್ಚಲಿ, ಚೆನ್ನಾಗಿ ಚುಚ್ಚಲಿ ಎಂದುಕೊಂಡ. ನಿನ್ನೆ ಮಧ್ಯಾಹ್ನ ಮಹಾಜನದ ಸಭೆಯಲ್ಲಿ, ಸೂರತ್ತಿನ ಅಷ್ಟೂ ವರ್ತಕರ ಎದುರಿನಲ್ಲಿ, ಆ ಕೈ ಮಾಡಿದ ಕೆಲಸಕ್ಕೆ ಅದನ್ನು ಕಡಿದು ತಾಪಿ ನದಿಗೆ ಎಸೆದರೂ ಪಾಪ ಬರಲಾರದು. ಎಸೆದ ಮೇಲೆ ಹೊಟ್ಟೆಪಾಡು? ಮುತ್ತಿನ ದಲ್ಲಾಳಿಗೆ ನಾಲಿಗೆಯಿಲ್ಲದಿದ್ದರೆ ನಡೆಯುತ್ತದೆ, ಕೈಯಿಲ್ಲದಿದ್ದರೆ ನಡೆಯುವುದಿಲ್ಲ. ಇಂಥ ಹೊತ್ತಿನಲ್ಲೂ ಹೊಟ್ಟೆಯನ್ನು ನೆನೆಯುವ ತನ್ನ ಬುದ್ಧಿಗೆ ಅವನಿಗೇ ಹೇಸಿಗೆಯಾಯಿತು. ಎದ್ದು ಮುಖ ತೊಳೆದು, ಗೂಟದ ಮೇಲಿದ್ದ ಪಗಡಿಯನ್ನು ಎತ್ತಿಕೊಂಡ. ಇವತ್ತು ಸರ್ಕಾರಿ ಕಚೇರಿಗೆ ಹೋಗಬೇಕಿತ್ತು.

"ಕೇಳಿಸ್ತಾ," ಎಂದಳು ಜಡಾವ ಒಳಗಿನಿಂದ. ಮದುವೆಯಾದಾಗಿನಿಂದ ಅವಳು ಗಂಡನನ್ನು ಕರೆದದ್ದು ಹೀಗೆಯೇ. "ನೀರು ಕಾಯಿಸಿ ಆರಿಸಿಟ್ಟಿದೀನಿ. ಎರಡು ಖಾಖರಾ ತಿಂದು ಹೋಗಿ. ಅಲ್ಲಿ ಎಷ್ಟೊತ್ತಾಗುತ್ತೋ ಏನೋ."

"ಹಸಿವಿಲ್ಲ."

"ಸಂಜೆ ಹೊತ್ತು ಮುಳುಗೋದ್ರೊಳಗೆ ಬರ್ತೀರಾ?"

"ಯಾಕೆ ಹಾಗೆ ಕೇಳ್ತೀಯ? ಎಲ್ಲಾ ಹೇಳಿಬಿಟ್ಟು ಬೇಗ ಬಂದುಬಿಡ್ತೀನಿ ಅಂತಾನಾ?"

ಜಡಾವ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡಳು. "ಅಡುಗೆ ಎಷ್ಟೊತ್ತಿಗೆ ಮಾಡ್ಲಿ ಅಂತ ಕೇಳಿದೆ. ಕತ್ತಲಾದ ಮೇಲೆ ನೀವು ತಿನ್ನಲ್ವಲ್ಲ, ಅದಕ್ಕೆ." ಸ್ವಲ್ಪ ತಡೆದು ಹೇಳಿದಳು: "ಬಸದೀಲಿ ಪೂಜೆಗೆ ಕೇಸರಿ ಅರೆಯೋ ಹೆಂಗಸರು ಇವತ್ತು ನನ್ನ ಬಟ್ಟಲು ಮುಟ್ಟಲಿಲ್ಲ. ನಾನೇ ಅರಕೊಂಡೆ. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

ಅವನು ಗರಿಗರಿ ಖಾಖರಾ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಇಷ್ಟಕ್ಕೆಲ್ಲ ಕಾರಣವಾದ ಕಾನೂನು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಬಂದರಿನ ಸುಂಕವೆಂದರೆ ಸೂರತ್ತಿಗೆ ಅಜ್ಜನ ಕಾಲದಿಂದ ಗೊತ್ತು, ಅದು ಸರಕಿಗೆ. ಹಡಗು ಬಂತು, ಮೂಟೆ ಇಳಿಯಿತು, ಕಟ್ಟಿದರು, ಮುಗಿಯಿತು. ಕುಂಪಣಿ ಹೋಗಿ ರಾಣಿಯ ಸರ್ಕಾರ ಬಂದ ಮೇಲೆ, ಸಿಪಾಯಿಗಳ ಗದ್ದಲ ಅಡಗಿಸಲು ಸುರಿದ ದುಡ್ಡನ್ನು ತುಂಬಿಕೊಳ್ಳಲು ಇದು ಬೇರೆಯೇ ಬಗೆಯ ತೆರಿಗೆ: ಮನುಷ್ಯನಿಗೆ, ಅವನ ಗಳಿಕೆಗೆ. ವರ್ಷಕ್ಕೆ ನೀನು ಸಂಪಾದಿಸಿದ್ದು ಎಷ್ಟು ಎಂದು ಯಾವನೋ ಗುಮಾಸ್ತ ಕೇಳುವುದು, ಹೆಂಡತಿಗೂ ಹೇಳದ್ದನ್ನು ಅವನ ಕಿವಿಗೆ ಹೇಳುವುದು. ಬೆತ್ತಲೆ ನಿಲ್ಲಿಸಿ ಮೈ ತಡವಿದ ಹಾಗೆ ಎಂದರು ವರ್ತಕರು. ಮಹಾಜನ ಸೇರಿ ಹಡತಾಳ ಸಾರಿತು. ಯಾರೂ ಅಂಗಡಿಯ ಒಂದು ಹಲಗೆಯನ್ನೂ ತೆಗೆಯಕೂಡದು, ಯಾರೂ ತನ್ನ ಗಳಿಕೆ ಹೇಳಕೂಡದು. ಹೇಳಿದವನು ಜಾತಿಯಿಂದ ಹೊರಗೆ. ಅವನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ, ಸತ್ತರೆ ಹೆಗಲು ಕೊಡುವುದಿಲ್ಲ. ಅಲ್ಲಿಗೆ ಸರ್ಕಾರ ಕೈಕಟ್ಟಿ ಕೂರಬೇಕಿತ್ತು. ಆದರೆ ನಾಲ್ಕು ದಿನದ ಹಿಂದೆ ಪಟ್ಟಿ ಕಟ್ಟಿದ ಜವಾನನೊಬ್ಬ ಓಣಿಯ ನಡುವೆ ನಿಂತು, ಎಲ್ಲ ಜಗಲಿಗಳಿಗೂ ಕೇಳುವಂತೆ, "ದಲ್ಲಾಳಿ ತಲಕಚಂದರನ್ನ ಮಾಮಲೇದಾರರು ಕರೀತಾರೆ," ಎಂದು ಕೂಗಿ ಹೋದ. ಸರ್ಕಾರಕ್ಕೆ ಅಷ್ಟು ಬುದ್ಧಿಯನ್ನು ಯಾರು ಕೊಟ್ಟರೋ. ಇಡೀ ಊರಿನ ಗಳಿಕೆ ಗೊತ್ತಿರುವ ಮನುಷ್ಯ ಒಬ್ಬನೇ ಇದ್ದ, ಅವನನ್ನೇ ಅದು ಕರೆದಿತ್ತು.

ಬಸ್ರಾದಿಂದ, ಬಹರೈನಿನಿಂದ ಬಂದ ಮುತ್ತಿಗೆ ಸೂರತ್ತಿನಲ್ಲಿ ಬಾಯಿಂದ ಬೆಲೆ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಎದುರುಬದುರು ಕೂರುತ್ತಾರೆ, ನಡುವೆ ದಲ್ಲಾಳಿ. ಅವನ ಶಲ್ಯದ ಕೆಳಗೆ ಕೈಗಳು ಸೇರುತ್ತವೆ. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು. ನೂರೋ ಸಾವಿರವೋ ಮುತ್ತು ನೋಡಿದವರಿಗೆ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಯಾರ ಕೈ ಬೆವರುತ್ತದೆ, ಯಾರು ಧೈರ್ಯವಾಗಿ ಹಿಡಿದು ಕೊನೆಗೆ ಮೆತ್ತಗಾಗುತ್ತಾರೆ, ಯಾರ ಮನೆಯಲ್ಲಿ ಹೊರಗೆ ಕಾಣದ ಸಿರಿ, ಯಾರ ಮನೆಯಲ್ಲಿ ಹೊರಗೆ ಕಾಣದ ಬಡತನ, ಎಲ್ಲವೂ ತಲಕಚಂದನ ಬೆರಳಿಗೆ ಗೊತ್ತಿತ್ತು. ಶಲ್ಯ ಎತ್ತಿದ ಮೇಲೆ ಅದು ಸತ್ತ ಮಾತು. ಅಪ್ಪ ಫೂಲಚಂದ ಕಲಿಸಿದ ಮೊದಲ ಪಾಠವೇ ಅದು. ಮುಖ ಸತ್ತಿರಬೇಕು, ಬೆರಳು ಬದುಕಿರಬೇಕು ಅನ್ನುತ್ತಿದ್ದ. ಎರಡನೆಯ ಪಾಠಕ್ಕೆ ಪೆಟ್ಟು ಬೀಳುತ್ತಿತ್ತು: ಹೇಳಿದ ಮೊದಲ ಬೆಲೆಗೆ ಒಪ್ಪಕೂಡದು. ಒಪ್ಪಿದರೆ ಕೊಳ್ಳುವವನಿಗೂ ಅನುಮಾನ, ಮಾರುವವನಿಗೂ ಅವಮಾನ. ಅಪ್ಪ ಊಟದ ನಡುವೆ, ಸ್ನಾನದ ನಡುವೆ, ನಿದ್ದೆಯಿಂದ ಎಬ್ಬಿಸಿ ಸಹ ಕೈ ಚಾಚುತ್ತಿದ್ದ. ಎರಡು ಬೆರಳು ಒತ್ತಿದರೆ ಮಗ ಯೋಚಿಸದೆ ಮೂರು ಹಿಡಿಯಬೇಕು. ಯೋಚಿಸಿದರೆ ಕಿವಿ ಹಿಂಡುತ್ತಿದ್ದ.

"ಹೊತ್ತಾಯ್ತು," ಎಂದಳು ಜಡಾವ. ಅವನು ಎದ್ದ. ಪಗಡಿ ಇಟ್ಟುಕೊಂಡು ಶಲ್ಯ ಹೊದ್ದುಕೊಳ್ಳುವಾಗ ಹೆಂಡತಿಗೆ ಎಲ್ಲ ಹೇಳಿಬಿಡಲೇ ಅನ್ನಿಸಿತು. ಏನೆಂದು ಹೇಳುವುದು? ನಿನ್ನೆ ಗುಲಾಲಚಂದ ಶೇಠರ ಹವೇಲಿಯಲ್ಲಿ ಜನ ಮೆಟ್ಟಿಲಿನ ತನಕ ಕೂತಿದ್ದರು. ಶೇಠರು ಮಹಾಜನಕ್ಕೆ ಮುಖ್ಯಸ್ಥರು, ಎಪ್ಪತ್ತು ದಾಟಿದವರು. ಮೆಲ್ಲಗೆ ಮಾತಾಡಿದರೂ ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ತಾನು ಹಿಂದಿನ ರಾತ್ರಿಯಿಡೀ ಕೂಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು: ನನ್ನ ಕತ್ತು ಹೋದರೂ ನಿಮ್ಮ ಮಾತು ಹೋಗುವುದಿಲ್ಲ. ಹೇಳುವುದಕ್ಕೆ ಮೊದಲೇ ಶೇಠರು, "ಬಾ ತಲಕಭಾಯಿ, ಹತ್ತಿರ ಬಾ," ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮದೇ ಶಲ್ಯವನ್ನು ಇಬ್ಬರ ಕೈಗಳ ಮೇಲೆ ಎಳೆದುಕೊಂಡರು. ನಂಬಿಕೆಯಿಂದ ಕೈ ಹಿಡಿಯುತ್ತಾರೆಂದು ಅವನ ಕಣ್ಣು ತುಂಬಿಬಂತು. ಆಗ ಅವರು ಎರಡು ಬೆರಳು ಒತ್ತಿದರು. ಎರಡು ಸಾವಿರ. ಬಾಯಿ ಮುಚ್ಚಿಕೊಂಡಿರುವುದಕ್ಕೆ. ಸಿಟ್ಟು ಹೊಟ್ಟೆಯಿಂದ ಏಳುತ್ತಿತ್ತು, ಏಳುತ್ತಲೇ ಇತ್ತು, ಗಂಟಲಿಗೆ ಬರುವಷ್ಟರಲ್ಲಿ ಅವನ ಕೈ ಆ ಎರಡು ಬೆರಳನ್ನು ತಳ್ಳಿ ಮೂರನ್ನು ಹಿಡಿದಾಗಿತ್ತು.

ಶೇಠರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಶಲ್ಯ ಎತ್ತಿ, "ಯಾರೂ ಯೋಚನೆ ಮಾಡಬೇಡಿ. ತಲಕಭಾಯಿ ನಮ್ಮವನು," ಎಂದರು. ಸಭೆ ನಿಟ್ಟುಸಿರು ಬಿಟ್ಟಿತು. ಅವನು ಬಾಯಿ ತೆರೆದ. ಇಷ್ಟು ಜನರೆದುರು ಏನೆಂದು ಬಿಡಿಸಿ ಹೇಳುವುದು? ನೀವು ಲಂಚ ಕೊಡಬಂದಿರಿ ಅನ್ನುವುದೇ, ನಾನು ಹೆಚ್ಚು ಕೇಳಿದೆ ಅನ್ನುವುದೇ? ಹಿಡಿದದ್ದನ್ನು ಹಿಂದಕ್ಕೆ ಪಡೆಯುವ ಗುರುತು ದಲ್ಲಾಳಿಯ ಬೆರಳಿಗೆ ಯಾರೂ ಕಲಿಸಿರಲಿಲ್ಲ. ಸುಮ್ಮನೆ ಎದ್ದು ಬಂದ.

ಓಣಿ ದಾಟಿ ಪೇಟೆಗೆ ಬಂದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಇಕ್ಕೆಲಗಳಲ್ಲೂ ಮುಚ್ಚಿದ ಹಲಗೆಗಳು. ಕೆಲಸವಿಲ್ಲದ ವರ್ತಕರು ತಮ್ಮ ತಮ್ಮ ಜಗಲಿಯ ಮೇಲೆ ಪಗಡೆ ಹಾಸಿಕೊಂಡು ಕೂತಿದ್ದರು. ಅವನು ಹಾದುಹೋದ ಕಡೆಯೆಲ್ಲ ದಾಳಗಳ ಸದ್ದು ನಿಂತಿತು, ಮುಂದೆ ಹೋದ ಮೇಲೆ ಮತ್ತೆ ಸುರುವಾಯಿತು. ಕೈ ತಾನಾಗಿಯೇ ಹಿಡಿಯಿತು, ಅಭ್ಯಾಸ, ಅಪ್ಪನ ಪೆಟ್ಟು ಎಂದು ಹೆಜ್ಜೆಗೊಮ್ಮೆ ಹೇಳಿಕೊಂಡ. ಆದರೆ ಬೆರಳು ನಡುಗಲಿಲ್ಲವಲ್ಲ? ಜೀವಮಾನವೆಲ್ಲ ಪರರ ಮುತ್ತಿಗೆ ಬೆಲೆ ಕಟ್ಟಿದವನು. ಮೊದಲ ಬಾರಿಗೆ ಯಾರೋ ತನಗೆ ಬೆಲೆ ಕಟ್ಟಿದಾಗ, ಎರಡು ಕಡಿಮೆಯಾಯಿತು ಎಂದು ಒಳಗೆಲ್ಲೋ ಅನ್ನಿಸಿರಬಹುದೇ? ಕೈ ಸುಳ್ಳು ಹೇಳಿತೋ, ತಾನು ಸುಳ್ಳು ಹೇಳಿಕೊಳ್ಳುತ್ತಿದ್ದಾನೋ? ಮೂರು ಸಾವಿರ ಬಂದರೆ ಮನೆಯ ಹಂಚು ಬದಲಾಯಿಸಬಹುದು ಎಂಬ ಯೋಚನೆ ನಿನ್ನೆ ರಾತ್ರಿ ಬಂದದ್ದು ನಿಜ. ಬಂದಾಗ ಹೊರಳಿ ಮಲಗಿ ಕೈಯನ್ನು ಮೈಯ ಅಡಿಗೆ ಹಾಕಿಕೊಂಡದ್ದೂ ನಿಜ.

"ಏನ್ ತಲಕಭಾಯಿ, ಒಗೆದ ಪಗಡಿ, ಹೊಸ ಶಲ್ಯ! ಬೀಗರ ಮನೆಗೆ ಹೊರಟ ಹಾಗಿದೆ!"

ಅಮಥಾಲಾಲ. ಬಟ್ಟೆ ವರ್ತಕ, ಪಕ್ಕದ ಓಣಿಯವನು, ಸಾವಿನ ಮನೆಯಲ್ಲೂ ಒಂದು ಜೋಕು ಬಿಸಾಡದೆ ಬರುವವನಲ್ಲ.

"ಕರೆದಿದಾರೆ. ಹೋಗ್ತಿದೀನಿ."

"ಹೋಗಪ್ಪ, ಹೋಗು. ನನ್ನ ಗಳಿಕೆ ಕೇಳಿದ್ರೆ ಒಂಚೂರು ಜಾಸ್ತೀನೇ ಹೇಳು. ಮಗಳಿಗೆ ಗಂಡು ನೋಡ್ತಿದೀನಿ, ಊರಿಗೆಲ್ಲ ಗೊತ್ತಾದ್ರೆ ಒಳ್ಳೇ ಸಂಬಂಧ ಬರುತ್ತೆ."

ಜಗಲಿಯೆಲ್ಲ ನಕ್ಕಿತು. ತಲಕಚಂದನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು. ಅಮಥಾಲಾಲ ಕೆಳಗಿಳಿದು ಬಂದು ಅವನ ಜೊತೆ ನಾಲ್ಕು ಹೆಜ್ಜೆ ಹಾಕಿದ. ಈಗ ದನಿ ಬೇರೆ.

"ಹೇಳಲ್ಲ ತಾನೆ?"

"ಹುಚ್ಚಾ ನಿನಗೆ?"

"ನನಗೆ ಹುಚ್ಚಿಲ್ಲ ಭಾಯಿ, ನಿನ್ನ ಮನೆ ಮೇಲೆ ನೆಟ್ಟಗೆ ಹಂಚಿಲ್ಲ, ಅಷ್ಟೇ ನನ್ನ ಭಯ. ತಪ್ಪು ತಿಳೀಬೇಡ. ಹೋದ ವರ್ಷ ನಾನು ಆ ಹಾರ ಕೊಂಡೆನಲ್ಲ, ಅದು ನಿನಗೆ ಬಿಟ್ರೆ ನನ್ನ ತಮ್ಮನಿಗೂ ಗೊತ್ತಿಲ್ಲ. ಒಟ್ಟು ಮನೆಯ ದುಡ್ಡಲ್ಲಿ ಕೊಂಡಿದ್ದು. ಗೊತ್ತಾದ್ರೆ ಮನೆ ಎರಡಾಗುತ್ತೆ."

"ಯಾವ ಹಾರ? ನನಗೆ ನೆನಪಿಲ್ಲ," ಎಂದ ತಲಕಚಂದ. ಅದು ದಲ್ಲಾಳಿ ಕೊಡಬೇಕಾದ ಉತ್ತರ, ಅದನ್ನು ಕೊಟ್ಟಾಗ ಬೆಳಗಿನಿಂದ ಮೊದಲ ಬಾರಿಗೆ ಅವನ ಎದೆ ಹಗುರಾಯಿತು. ಅಮಥಾಲಾಲ ಅವನ ಭುಜ ತಟ್ಟಿ ಹಿಂದಿರುಗಿದ.

ಆ ಹಗುರದಲ್ಲೇ ಅವನಿಗೆ ದಾರಿ ಹೊಳೆಯಿತು. ಇನ್ನೂ ಏನೂ ಕೆಟ್ಟಿಲ್ಲ. ಮಾಮಲೇದಾರ ಕೇಳುತ್ತಾನೆ. ತಾನು ಹೇಳುವುದಿಲ್ಲ ಅನ್ನಬೇಕು. ಅವನು ಮತ್ತೆ ಕೇಳುತ್ತಾನೆ, ಗದರುತ್ತಾನೆ, ಹೊಡೆಸಿದರೂ ಹೊಡೆಸಲಿ. ಕೊನೆಗೆ ಜೈಲಿಗೆ ಕಳಿಸುತ್ತಾನೆ. ಇಬ್ಬರು ಪೊಲೀಸರ ನಡುವೆ ಪೇಟೆಯ ಉದ್ದಕ್ಕೂ ನಡೆಸಿಕೊಂಡು ಹೋಗುತ್ತಾರೆ, ಜಗಲಿಯ ಮೇಲಿನವರೆಲ್ಲ ಎದ್ದು ನಿಲ್ಲುತ್ತಾರೆ, ಗುಲಾಲಚಂದ ಶೇಠರೂ. ದುಡ್ಡಿಗೆ ಬಾಯಿ ಮುಚ್ಚಿದವನು ಜೈಲಿಗೆ ಹೋಗುತ್ತಾನೆಯೇ? ಆ ಮೂರು ಬೆರಳಿನ ಕಳಂಕ ಅಲ್ಲಿಗೆ ತೊಳೆದುಹೋಗುತ್ತದೆ. ಜೈಲಿನ ಯೋಚನೆಯಿಂದ ಅವನ ನಡಿಗೆ ಬಿರುಸಾಯಿತು.

ಕೋಟೆಯ ಪಕ್ಕದ ಕಚೇರಿಯ ಎದುರಿಗೆ ಹುಣಸೆಮರ. ಅದರ ನೆರಳಿನಲ್ಲಿ ಮಹಾಜನದ ಹಿರಿಯರು ಚಾಪೆ ಹಾಸಿ ಕೂತಿದ್ದರು, ನಡುವೆ ಗುಲಾಲಚಂದ ಶೇಠರು. ತಲಕಚಂದ ಕೈ ಮುಗಿದ. ಶೇಠರು ತಲೆ ಆಡಿಸಿದರು. ಒಳಗೆ ಮಾಮಲೇದಾರ ಉಮಿಯಾಶಂಕರ ನಶ್ಯದ ಡಬ್ಬಿ ಮುಚ್ಚಿ ಎದ್ದು ನಿಂತ. ನಾಗರ ಬ್ರಾಹ್ಮಣ, ನುಣ್ಣಗೆ ಕ್ಷೌರ ಮಾಡಿದ ಮುಖ, ಬೆಣ್ಣೆಯಂಥ ಮಾತು. ವರ್ತಕರು ಆ ಕೋಣೆಯಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಬನ್ನಿ ತಲಕಭಾಯಿ, ಬನ್ನಿ. ಬಿಸಿಲಲ್ಲಿ ನಡೆಸಿಬಿಟ್ಟೆ. ಏಯ್, ಆ ಕುರ್ಚಿ ಕಿಟಕಿ ಹತ್ರ ಹಾಕೋ, ಅವರಿಗೆ ಗಾಳಿ ಬರಲಿ."

ಕುರ್ಚಿ ಬಂತು. ಕೂರುವಾಗ ಅವನಿಗೆ, ಬೇಡವೆಂದರೂ, ಒಂದು ಗಳಿಗೆ ಹೆಮ್ಮೆಯೆನಿಸಿತು. ಎದೆ ಗಟ್ಟಿ ಮಾಡಿಕೊಂಡು ಕಾದ. ಉಮಿಯಾಶಂಕರ ಅವನ ಮೊಣಕಾಲಿನ ನೋವು ವಿಚಾರಿಸಿದ. ತಾಪಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳೆಲ್ಲ ಮುಂಬಯಿಗೆ ಹೋಗುತ್ತಿರುವುದಕ್ಕೆ ಮರುಗಿದ. ಫೂಲಚಂದರನ್ನು ತನ್ನ ತಂದೆ ಬಲ್ಲವರು ಎಂದ. ವೀಳ್ಯ ತರಿಸಿ ತಾನೇ ಎತ್ತಿ ಕೊಟ್ಟ. ಮೂಲೆಯಲ್ಲಿ ಗುಮಾಸ್ತನೊಬ್ಬ ತಲೆಯೆತ್ತದೆ ಬರೆಯುತ್ತಿದ್ದ. ಯಾರೂ ಏನೂ ಹೇಳದಿದ್ದರೂ ಅವನ ಲೇಖನಿ ನಿಲ್ಲುತ್ತಿರಲಿಲ್ಲ. ಈಗ ಕೇಳುತ್ತಾನೆ, ಈ ವೀಳ್ಯ ಮುಗಿದ ಮೇಲೆ ಕೇಳುತ್ತಾನೆ ಎಂದುಕೊಂಡ ತಲಕಚಂದ. ಉಮಿಯಾಶಂಕರ ಮುಂಬಯಿಗೆ ಹೋಗುವ ಉಗಿಹಡಗಿನಲ್ಲಿ ತನಗೆ ವಾಂತಿಯಾದ ಕತೆ ಹೇಳಿ ಗಟ್ಟಿಯಾಗಿ ನಕ್ಕ. ನಗುವಾಗ ಬಗ್ಗಿ ಅವನ ತೊಡೆ ತಟ್ಟಿದ. ಸಭ್ಯತೆಗೆಂದು ತಲಕಚಂದನೂ ನಕ್ಕ. ಬಿಸಿಲು ಕಿಟಕಿಯಿಂದ ಅವನ ಮಡಿಲಿಗೆ ಸರಿದುಬಂತು. ಕಡೆಗೆ ತಡೆಯಲಾರದೆ, ಯಾರೂ ಕೇಳದ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ.

"ಸಾಹೇಬರೇ, ಶಲ್ಯದ ಕೆಳಗಿನದು ನಾನು ಹೇಳೋದಿಲ್ಲ. ಏನ್ ಮಾಡಿದ್ರೂ ಹೇಳೋದಿಲ್ಲ."

"ಬೇಡಿ," ಎಂದ ಉಮಿಯಾಶಂಕರ. "ಹೇಳಬೇಡಿ ಮತ್ತೆ."

"ಅಂದ್ರೆ?"

"ನಿಮ್ಮಂಥ ಮರ್ಯಾದಸ್ತರನ್ನ ಅಂಥದ್ದು ಕೇಳೋಕಾಗುತ್ತಾ? ನೀವು ಬಂದು ಇಷ್ಟು ಹೊತ್ತು ಕೂತಿರಿ, ವೀಳ್ಯ ಹಾಕಿದಿರಿ, ನಕ್ಕಿರಿ. ಸರ್ಕಾರಕ್ಕೆ ಅಷ್ಟು ಸಾಕು." ಕಣ್ಣಿನಿಂದಲೇ ಕಿಟಕಿ ತೋರಿಸಿದ.

ತಲಕಚಂದ ತಿರುಗಿ ನೋಡಿದ. ಕಿಟಕಿಯ ಆಚೆಗೆ ಹುಣಸೆಮರ. ಅದರ ಕೆಳಗಿನವರೆಲ್ಲ ಮುಖ ಮೇಲಕ್ಕೆತ್ತಿ ಅವನನ್ನೇ ನೋಡುತ್ತಿದ್ದರು. ಜನ ಹೆಚ್ಚಾಗಿದ್ದರು, ಅಮಥಾಲಾಲನೂ ಬಂದಿದ್ದ. ಅಲ್ಲಿಗೆ ಇಲ್ಲಿನ ಮಾತು ಕೇಳುವುದಿಲ್ಲ. ಕುರ್ಚಿ ಕಾಣುತ್ತದೆ, ನಗು ಕಾಣುತ್ತದೆ, ಎಡೆಬಿಡದೆ ಬರೆಯುವ ಗುಮಾಸ್ತ ಕಾಣುತ್ತಾನೆ. ಅವನು ಗುಮಾಸ್ತನ ಕಡೆ ತಿರುಗಿದ.

"ಆತ ಏನ್ ಬರೀತಿದಾನೆ?"

"ಅದಾ? ಹೋದ ಮಳೆಗಾಲದ ಮಳೆ ಲೆಕ್ಕ. ನಕಲು ತೆಗೀತಿದಾನೆ."

"ನನ್ನನ್ನ ಜೈಲಿಗೆ ಹಾಕಿ," ಎಂದ ತಲಕಚಂದ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿತು. "ಕೈ ಮುಗೀತೀನಿ ಸಾಹೇಬರೇ, ಪೊಲೀಸರನ್ನ ಕರೀರಿ. ಸರ್ಕಾರದ ಮಾತು ಮೀರಿದೀನಿ."

"ಯಾವ ಮಾತು ತಲಕಭಾಯಿ? ಸರ್ಕಾರ ನಿಮ್ಮನ್ನ ಏನೂ ಕೇಳಲೇ ಇಲ್ವಲ್ಲ." ಉಮಿಯಾಶಂಕರ ಎದ್ದು, ಅವನ ತೋಳು ಹಿಡಿದು ಎಬ್ಬಿಸಿ, ಹಳೆಯ ಸ್ನೇಹಿತನನ್ನು ಬೀಳ್ಕೊಡುವವನಂತೆ ಹೊರಬಾಗಿಲ ತನಕ ನಡೆಸಿಕೊಂಡು ಬಂದ. ಅಲ್ಲಿ, ಮೆಟ್ಟಿಲ ಮೇಲೆ ನಿಂತು, ಗಟ್ಟಿಯಾಗಿ ಹೇಳಿದ: "ದೊಡ್ಡ ಉಪಕಾರ ಆಯ್ತು. ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚೋದು ಮರೀಬೇಡಿ."

ಯಾರೂ ಬಯ್ಯಲಿಲ್ಲ. ಕಲ್ಲು ಬಿದ್ದಿದ್ದರೆ ಚೆನ್ನಾಗಿತ್ತು. ಮರದ ಕೆಳಗಿನ ಜನ ಎದ್ದು ನಿಂತು ಪಗಡಿ ಸರಿಪಡಿಸಿಕೊಳ್ಳುತ್ತಿದ್ದರು. ಗುಲಾಲಚಂದ ಶೇಠರು ಕೋಲೂರಿಕೊಂಡು ಮೆಟ್ಟಿಲ ಕಡೆಗೇ ಬರುತ್ತಿದ್ದರು. ಅವನು ಓಡುತ್ತಾ ಇಳಿದು ಅವರಿಗೆ ಅಡ್ಡ ನಿಂತ.

"ಶೇಠಜಿ, ನಾನು ಏನೂ ಹೇಳಲಿಲ್ಲ. ಮಕ್ಕಳಾಣೆ. ಅವನು ಕೇಳಲೇ ಇಲ್ಲ. ನಾಟಕ, ಎಲ್ಲಾ ನಾಟಕ."

"ಗೊತ್ತು," ಎಂದರು ಶೇಠರು ಮೆಲ್ಲಗೆ. "ಉಮಿಯಾಶಂಕರನ ಅಪ್ಪನೂ ಹೀಗೇ ಇದ್ದ."

"ಮತ್ತೆ ನೀವ್ಯಾಕೆ ಒಳಗೆ ಹೋಗ್ತಿದೀರಿ? ನೀವು ಹೋದ್ರೆ ಊರೇ ಹೋಗುತ್ತೆ. ಹಡತಾಳ ಮುರಿಯುತ್ತೆ."

ಶೇಠರು ಉಸಿರು ತೆಗೆದುಕೊಂಡರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಬಿಸಿಲಿನಲ್ಲಿ ಕೂತು ದಣಿದಿದ್ದರು. "ನಿನ್ನೆ ಎರಡು ಒತ್ತಿದಾಗ ನೀನು ನನ್ನ ಕೈ ಕೊಡವಿ ಎದ್ದು ಹೋಗ್ತೀಯ ಅಂದುಕೊಂಡಿದ್ದೆ. ಹೋಗಿದ್ರೆ ಇವತ್ತು ನೀನು ಆ ಕಿಟಕೀಲಿ ದಿನವೆಲ್ಲ ನಗ್ತಾ ಕೂತಿದ್ರೂ ನಾನು ಮರದಡಿಯಿಂದ ಏಳ್ತಿರಲಿಲ್ಲ. ನೀನು ಮೂರು ಅಂದೆ. ಕೊಡ್ತೀನಿ, ಅದಕ್ಕೇನು. ನಾಳೆ ಸರ್ಕಾರ ನಾಲ್ಕು ಅಂದ್ರೆ?"

"ಅದು ಕೈ, ಶೇಠಜಿ. ಅಭ್ಯಾಸ. ನಾನಲ್ಲ."

"ದಲ್ಲಾಳಿ ಅಂದ್ರೆ ಕೈ ಬಿಟ್ಟು ಇನ್ನೇನಪ್ಪ?" ಎಂದರು ಶೇಠರು. "ಅವರು ಬಂದು ಬಾಯಿ ಬಿಡಿಸೋದ್ರೊಳಗೆ ನಾವಾಗೇ ಹೋಗಿ ನಮ್ಮ ಗಳಿಕೆ ಹೇಳಿಕೊಂಡ್ರೆ ಒಂದಿಷ್ಟಾದ್ರೂ ಮರ್ಯಾದೆ ಉಳಿಯುತ್ತೆ."

ಅವರು ಮೆಟ್ಟಿಲು ಹತ್ತಿದರು. ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು, ಯಾರೂ ಕೈ ಹಿಡಿಯಲು ಮುಂದಾಗಲಿಲ್ಲ. ಅವರ ಹಿಂದೆ ಮತ್ತೊಬ್ಬ ಹಿರಿಯ, ಅವನ ಹಿಂದೆ ಇಬ್ಬರು, ಆಮೇಲೆ ಒಟ್ಟಿಗೇ ಹತ್ತಾರು ಜನ. ತಲಕಚಂದ ಎರಡೂ ತೋಳು ಚಾಚಿ, "ಹೇಳಿಲ್ಲ, ನಾನು ಹೇಳಿಲ್ಲ," ಎಂದ. ಅವರು ಅವನನ್ನು ತಳ್ಳಲಿಲ್ಲ. ಕೆಲವರು ನಮಸ್ಕಾರವನ್ನೂ ಮಾಡಿದರು. ನೀರು ಕಂಬವನ್ನು ಬಳಸಿ ಹೋದಂತೆ ಬಳಸಿಕೊಂಡು ಹೋದರು. ಒಬ್ಬೊಬ್ಬನ ಮುಖ ಹತ್ತಿರ ಬಂದಾಗಲೂ ಆ ಮನುಷ್ಯನ ಗಳಿಕೆ ಎಷ್ಟೆಂದು ಅವನಿಗೆ ತಾನಾಗಿ ಹೊಳೆಯುತ್ತಿತ್ತು. ಅದನ್ನು ಮುಖದಿಂದ ಅಡಗಿಸಿಕೊಳ್ಳಲು ಕಣ್ಣು ಮುಚ್ಚಿಕೊಂಡ. ಮುಚ್ಚಿದ್ದನ್ನು ಕಂಡು ಯಾರೋ, "ನೋಡು, ಕಣ್ಣೆತ್ತಿ ನೋಡೋಕೂ ಮುಖ ಇಲ್ಲ," ಎಂದರು.

ಕೊನೆಯಲ್ಲಿ ಬಂದವನು ಅಮಥಾಲಾಲ. ತಲಕಚಂದ ಅವನ ಅಂಗಿಯ ತೋಳು ಹಿಡಿದುಕೊಂಡ. "ನೀನು ಹೋಗಬೇಡ ಅಮಥಾ. ಆ ಹಾರದ ಮಾತು ನನ್ನ ಹತ್ರಾನೇ ಇದೆ, ಸತ್ತರೂ ಇಲ್ಲೇ ಇರುತ್ತೆ."

"ಬೆಳಿಗ್ಗೆ ನೀನು ನೆನಪಿಲ್ಲ ಅಂದಿದ್ದೆ," ಎಂದ ಅಮಥಾಲಾಲ.

ಅವನು ತನ್ನ ತೋಳಿನಿಂದ ತಲಕಚಂದನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ನೋವಾಗದ ಹಾಗೆ.

"ದಾರಿ ಬಿಡು ಭಾಯಿ," ಎಂದ. "ನನ್ನ ತಮ್ಮ ಮನೇಲಿದಾನೆ. ಇಲ್ಲಿ ಹೇಳಿ ಮುಗಿಸಿ, ಅವನಿಗೆ ಬೇರೆಯವರು ಹೇಳೋದ್ರೊಳಗೆ ನಾನೇ ಹೋಗಿ ಹೇಳ್ಬೇಕು."

ತಲಕಚಂದ ದಾರಿ ಬಿಟ್ಟ.